ಶಾಲೆಯ ಹತ್ತಿರ ಬಾಡಿಗೆ ಮನೆ: ಬೆಂಗಳೂರಿನ ಅಪ್ಪ-ಅಮ್ಮಂದಿರಿಗೆ ಒಂದು ಸಮಗ್ರ ಮಾರ್ಗದರ್ಶಿ

"ಶಾಲೆಗೂ ಮನೆಗೂ ಬರೀ ನಾಲ್ಕು ಕಿಲೋಮೀಟರ್" ಎಂದು ಬ್ರೋಕರ್ ಹೇಳುತ್ತಾನೆ. ಬೆಂಗಳೂರಿನಲ್ಲಿ ಆ ಮಾತಿನಿಂದ ಏನೂ ಗೊತ್ತಾಗುವುದಿಲ್ಲ. ಭಾನುವಾರ ಮಧ್ಯಾಹ್ನ ಹತ್ತು ನಿಮಿಷದ ದಾರಿ ಸೋಮವಾರ ಬೆಳಿಗ್ಗೆ ಎಂಟಕ್ಕೆ ನಲವತ್ತು ನಿಮಿಷವಾಗುತ್ತದೆ. ಸಂಜೆ ಮಳೆ ಬಂದರೆ ಕೇಳುವುದೇ ಬೇಡ. ಹಾಗಾಗಿ ಶಾಲೆಯ ಹತ್ತಿರ ಮನೆ ಹುಡುಕುವವರು ಕಿಲೋಮೀಟರ್ ಬಿಟ್ಟು ಮಗುವಿನ ಬೆಳಗಿನ ಹೊತ್ತನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಎಷ್ಟು ಗಂಟೆಗೆ ಏಳಬೇಕು, ಯಾವ ರಸ್ತೆ ದಾಟಬೇಕು, ಸಂಜೆ ಎಷ್ಟು ಹೊತ್ತಿಗೆ ಮನೆ ಸೇರುತ್ತದೆ? ಬಾಡಿಗೆ, ಅಡ್ವಾನ್ಸ್, ಅಗ್ರಿಮೆಂಟ್ ಎಲ್ಲವನ್ನೂ ಈ ಲೆಕ್ಕದ ಮೇಲೆಯೇ ಕೂರಿಸಬಹುದು.

ಉದಾಹರಣೆಗಳನ್ನು ಹೆಚ್ಚಾಗಿ ಜಯನಗರ, ಬಸವನಗುಡಿ, ಬನಶಂಕರಿ ಕಡೆಯಿಂದ ಕೊಟ್ಟಿದ್ದೇನೆ. ಶಾಲೆಗಳು ಒತ್ತೊತ್ತಾಗಿರುವ ಜಾಗ ಅದು. ಕ್ರಮ ಮಾತ್ರ ಮಲ್ಲೇಶ್ವರಕ್ಕೂ ವೈಟ್‌ಫೀಲ್ಡಿಗೂ ಒಂದೇ.

ಹಂತ 1: ಸೀಟು ಮೊದಲು, ಮನೆ ಆಮೇಲೆ

ಒಳ್ಳೆ ಶಾಲೆ ಪಕ್ಕದಲ್ಲೇ ಮನೆ ಮಾಡಿದರೆ ಸೀಟು ಸಿಗುತ್ತದೆ ಎಂದುಕೊಂಡು ಕೆಲವರು ಮೊದಲೇ ಮನೆ ಬದಲಾಯಿಸುತ್ತಾರೆ. ಖಾಸಗಿ ಶಾಲೆಗಳಲ್ಲಿ ಅದಕ್ಕೆ ಯಾವ ಖಾತ್ರಿಯೂ ಇಲ್ಲ. ಫೀಸ್ ಕಟ್ಟಿ ರಸೀದಿ ಕೈಗೆ ಬರುವ ತನಕ ಮನೆಗೆ ಟೋಕನ್ (ಮನೆ ಹಿಡಿದಿಡಲು ಮೊದಲು ಕೊಡುವ ಹಣ) ಕೊಡಬೇಡಿ.

ಆರ್‌ಟಿಇ ಸೀಟಿಗಾಗಿ (ಶಿಕ್ಷಣ ಹಕ್ಕು ಕಾಯ್ದೆಯಡಿ ಸಿಗುವ ಉಚಿತ ಸೀಟು) ಮನೆ ಬದಲಾಯಿಸುವ ಯೋಚನೆ ಇದ್ದರೆ ಇನ್ನೂ ಹುಷಾರು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಹಂಚುವುದಿಲ್ಲ ಎಂಬ ನಿಯಮ 2019-20ರಿಂದ ಕರ್ನಾಟಕದಲ್ಲಿದೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಅಂಥ ಶಾಲೆ ಇಲ್ಲದ ಜಾಗ ಕಡಿಮೆ.

ಇನ್ನು ಸಮಯದ ವಿಷಯ. ಬಾಡಿಗೆದಾರರು ಸಾಮಾನ್ಯವಾಗಿ ಒಂದು ತಿಂಗಳು ಮುಂಚೆ ನೋಟಿಸ್ ಕೊಡುತ್ತಾರೆ. ಅಂದರೆ ಜೂನ್‌ಗೆ ಖಾಲಿಯಾಗುವ ಮನೆ ಏಪ್ರಿಲ್ ಕೊನೆ, ಮೇ ಮೊದಲ ವಾರದಲ್ಲಿ ಕಣ್ಣಿಗೆ ಬೀಳುತ್ತದೆ. ಫೆಬ್ರವರಿಯಲ್ಲಿ ಏರಿಯಾ ಸುತ್ತಿ ನೋಡಿ, ಆದರೆ ಮನೆ ಸಿಗಲಿಲ್ಲ ಎಂದು ತಲೆ ಕೆಡಿಸಿಕೊಳ್ಳಬೇಡಿ. ಪರೀಕ್ಷೆ ಮುಗಿದ ಮೇಲೆ ಮನೆ ಬದಲಾಯಿಸುವವರು ಜಾಸ್ತಿ. ಆಗ ಮನೆಯೂ ಜಾಸ್ತಿ, ಪೈಪೋಟಿಯೂ ಜಾಸ್ತಿ.

ಸ್ವಲ್ಪ ಕಾಯುವ ಅನುಕೂಲವಿದ್ದರೆ ಆಷಾಢ ನೋಡಿ. ಆಷಾಢದಲ್ಲಿ ಹೊಸ ಮನೆಯಲ್ಲಿ ಹಾಲು ಉಕ್ಕಿಸಲು ಬಹಳ ಜನ ಒಪ್ಪುವುದಿಲ್ಲ. ಹಾಗಾಗಿ ಜೂನ್‌ನಲ್ಲಿ ಹೋಗದೆ ಉಳಿದ ಮನೆ ಶ್ರಾವಣದವರೆಗೆ ಖಾಲಿ ಬಿದ್ದಿರುತ್ತದೆ. ಆ ಹೊತ್ತಿಗೆ ಓನರ್ ಕೂಡ ಸ್ವಲ್ಪ ಮೆತ್ತಗಾಗಿರುತ್ತಾರೆ. ನಿಮಗೆ ಆ ನಂಬಿಕೆ ಇಲ್ಲದಿದ್ದರೆ ಚೌಕಾಸಿಗೆ ಇದಕ್ಕಿಂತ ಒಳ್ಳೆ ತಿಂಗಳಿಲ್ಲ. ನಂಬಿಕೆ ಇದ್ದರೆ ಆಷಾಢ ಹುಟ್ಟುವ ಮುಂಚೆ ಹಾಲು ಉಕ್ಕಿಸಿ, ಸಾಮಾನು ಆಮೇಲೆ ಸಾಗಿಸುವವರೂ ಇದ್ದಾರೆ.

ಹಂತ 2: ಶಾಲೆಯ ಗೇಟಿನಿಂದ ಗೆರೆ ಎಳೆಯಿರಿ

ಮ್ಯಾಪ್‌ನಲ್ಲಿ ಶಾಲೆಯ ಹೆಸರು ಹಾಕಿದರೆ ಅದು ಎಲ್ಲೋ ಒಂದು ಕಡೆ ಪಿನ್ ತೋರಿಸುತ್ತದೆ. ನಿಮಗೆ ಬೇಕಾದದ್ದು ಮಕ್ಕಳನ್ನು ಬಿಡುವ ಗೇಟು. ದೊಡ್ಡ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಒಂದು ಗೇಟು, ಹೈಸ್ಕೂಲಿಗೆ ಹಿಂದಿನ ರಸ್ತೆಯಲ್ಲಿ ಇನ್ನೊಂದು ಗೇಟು ಇರುವುದುಂಟು. ಅದನ್ನು ಮೊದಲು ಕೇಳಿ ತಿಳಿದುಕೊಳ್ಳಿ.

ಎಲ್‌ಕೆಜಿ, ಒಂದನೇ ಕ್ಲಾಸಿನ ಮಗು ಬ್ಯಾಗ್ ಹೊತ್ತು (ಅಥವಾ ನಿಮ್ಮ ಹೆಗಲಿಗೆ ಹೊರಿಸಿ) ಹತ್ತು ನಿಮಿಷದಲ್ಲಿ ಅರ್ಧ ಕಿಲೋಮೀಟರ್ ನಡೆದರೆ ಹೆಚ್ಚು. ಐದನೇ ಕ್ಲಾಸ್ ದಾಟಿದವರು ಒಂದು ಕಿಲೋಮೀಟರ್ ಆರಾಮಾಗಿ ನಡೆಯುತ್ತಾರೆ. ಆದ್ದರಿಂದ ಮೊದಲ ಸುತ್ತು ಅರ್ಧ ಕಿಲೋಮೀಟರ್, ಎರಡನೇ ಸುತ್ತು ಒಂದು. ಅದರಾಚೆಗೆ ಹೋದರೆ ಆಟೊ, ವ್ಯಾನು, ಬಸ್ಸು. ಆಗ ಒಂದೂವರೆ ಕಿಲೋಮೀಟರಿಗೂ ಮೂರಕ್ಕೂ ವ್ಯತ್ಯಾಸ ಕಡಿಮೆ. ಬಾಡಿಗೆ ಕಡಿಮೆ ಇರುವ ಕಡೆ ಹೋಗಬಹುದು.

ಈಗ ಆ ಸುತ್ತನ್ನು ರಸ್ತೆಗಳು ತುಂಡು ಮಾಡುತ್ತವೆ. ಕನಕಪುರ ರಸ್ತೆಯಂಥ ದೊಡ್ಡ ರಸ್ತೆಯ ಆಚೆ ಬದಿಯಲ್ಲಿ ಮನೆ ಇದ್ದರೆ, ಮುನ್ನೂರು ಮೀಟರ್ ದೂರದ ಶಾಲೆಯೂ ದೂರವೇ. ಸಿಗ್ನಲ್ ಇಲ್ಲದ ಕಡೆ ಏಳು ವರ್ಷದ ಮಗುವಿನ ಕೈ ಹಿಡಿದು ದಾಟುವುದು ದಿನಕ್ಕೆ ಎರಡು ಸಲದ ಕೆಲಸ. ಒನ್ ವೇ ಇನ್ನೊಂದು ತಲೆನೋವು. ಗಾಡಿಯಲ್ಲಿ ಬಿಡುವವರಿಗೆ ಹೋಗುವ ದಾರಿ, ಬರುವ ದಾರಿ ಬೇರೆ ಬೇರೆಯಾಗುತ್ತದೆ. ರಾಜಕಾಲುವೆ ಎಲ್ಲಿ ಹಾದುಹೋಗುತ್ತದೆ ಎಂದೂ ನೋಡಿಕೊಳ್ಳಿ. ಅದರ ಪಕ್ಕದ ತಗ್ಗಿನ ರಸ್ತೆಗಳಲ್ಲಿ ಮಳೆ ನೀರು ನಿಲ್ಲುತ್ತದೆ. ಶಾಲೆ ಬಿಡುವ ಹೊತ್ತಿಗೇ ಮಳೆ ಸುರಿಯುವುದು ಇಲ್ಲಿ ಮಾಮೂಲು.

ಹಾಗಂತ ಶಾಲೆ ಕಾಂಪೌಂಡಿಗೆ ಅಂಟಿಕೊಂಡ ಮನೆ ನಾನಂತೂ ಆರಿಸುವುದಿಲ್ಲ. ಪ್ರಾರ್ಥನೆ, ಪಿಟಿ ಡ್ರಮ್ಮು, ಸ್ಪೋರ್ಟ್ಸ್ ಡೇ ಮೈಕು ಎಲ್ಲ ನಿಮ್ಮ ಮನೆಯ ಹಾಲ್‌ನಲ್ಲೇ. ಬೆಳಿಗ್ಗೆ ಅರ್ಧ ಗಂಟೆ, ಮಧ್ಯಾಹ್ನ ಅರ್ಧ ಗಂಟೆ ನಿಮ್ಮ ಗೇಟಿನ ಮುಂದೆ ಯಾರದ್ದೋ ಕಾರು ನಿಂತಿರುತ್ತದೆ. ಎರಡು-ಮೂರು ಕ್ರಾಸ್ ಆಚೆ ಹೋದರೆ ಈ ಗಲಾಟೆ ಇಲ್ಲ, ನಡಿಗೆಯೂ ಹೆಚ್ಚಾಗುವುದಿಲ್ಲ.

ಗೆರೆ ಎಳೆದ ಮೇಲೆ ವಾರದ ದಿನ ಶಾಲೆ ಶುರುವಾಗುವ ಹೊತ್ತಿಗೆ ಅಲ್ಲಿ ಹೋಗಿ ನಿಂತುಕೊಳ್ಳಿ. ಯಾವ ಕಡೆಯಿಂದ ಮಕ್ಕಳು ನಡೆದು ಬರುತ್ತಿದ್ದಾರೆ ನೋಡಿ. ಯೂನಿಫಾರಂ ಹಾಕಿದ ಮಕ್ಕಳು ಗುಂಪಾಗಿ ಬರುವ ಕ್ರಾಸ್‌ಗಳೇ ನೀವು ಮನೆ ಹುಡುಕಬೇಕಾದ ಕ್ರಾಸ್‌ಗಳು. ಬೇರೆ ಅಪ್ಪ-ಅಮ್ಮಂದಿರು ನಿಮ್ಮ ಪರವಾಗಿ ಅರ್ಧ ಪರೀಕ್ಷೆ ಮುಗಿಸಿದ್ದಾರೆ.

ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಮೆಟ್ರೊವನ್ನೂ ಸೇರಿಸಿ. ದಕ್ಷಿಣದಲ್ಲಿ ಹಸಿರು ಮಾರ್ಗದ ನ್ಯಾಷನಲ್ ಕಾಲೇಜ್, ಲಾಲ್‌ಬಾಗ್, ಸೌತ್ ಎಂಡ್ ಸರ್ಕಲ್, ಜಯನಗರ, ಆರ್.ವಿ. ರೋಡ್, ಬನಶಂಕರಿ ನಿಲ್ದಾಣಗಳು ಸಾಲಾಗಿ ಸಿಗುತ್ತವೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾದ ಮೇಲೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರೂ ಜಯನಗರದಲ್ಲಿ ಮಕ್ಕಳನ್ನು ಓದಿಸುವುದು ಸುಲಭವಾಗಿದೆ.

ಶಾಲೆ ಬಸ್ಸನ್ನೇ ನೆಚ್ಚಿಕೊಳ್ಳುವುದಾದರೆ ಸ್ಟಾಪ್‌ಗಳ ಪಟ್ಟಿಯನ್ನು ಸಮಯದ ಜೊತೆ ಕೇಳಿ. ಮೊದಲ ಸ್ಟಾಪಿನ ಮಗು ಮುಂಚೆ ಎದ್ದು ಇಡೀ ಊರು ಸುತ್ತಿ ಶಾಲೆ ಸೇರುತ್ತದೆ. ಕೊನೆಯ ಎರಡು-ಮೂರು ಸ್ಟಾಪಿನವರಿಗೆ ಅಷ್ಟು ಹೊತ್ತು ನಿದ್ದೆ ಮಿಗುತ್ತದೆ. ಖಾಸಗಿ ವ್ಯಾನಾದರೆ ಹಳದಿ ಬೋರ್ಡ್ ಇರಲಿ. ಬಿಳಿ ಬೋರ್ಡಿನ ಗಾಡಿ ಸ್ವಂತ ಬಳಕೆಯದು, ಬಾಡಿಗೆಗೆ ಮಕ್ಕಳನ್ನು ಸಾಗಿಸಲು ಅದಕ್ಕೆ ಪರವಾನಗಿ ಇರುವುದಿಲ್ಲ.

ಹಂತ 3: ಬಾಡಿಗೆ ಒಂದೇ ಲೆಕ್ಕ ಅಲ್ಲ

ಒಂದು ಊಹೆಯ ಲೆಕ್ಕ ನೋಡೋಣ. ಎರಡು ಬೆಡ್‌ರೂಮಿನ ಫ್ಲ್ಯಾಟ್, ಬಾಡಿಗೆ 30,000 ರೂಪಾಯಿ. ಮೇಂಟೆನೆನ್ಸ್ 3,500. ಬ್ರೋಕರ್ ಮೂಲಕ ಬಂದರೆ ಒಂದು ತಿಂಗಳ ಬಾಡಿಗೆ ಕಮಿಷನ್, 30,000. ಬಿಡುವಾಗ ಪೇಂಟಿಂಗ್ ಎಂದು ಇನ್ನೊಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಇಲ್ಲಿಯ ರೂಢಿ, ಮತ್ತೆ 30,000. ಹನ್ನೊಂದೇ ತಿಂಗಳಿಗೆ ಮನೆ ಬಿಟ್ಟರೆ ಈ 60,000ದಿಂದ ತಿಂಗಳಿಗೆ ಸುಮಾರು 5,450 ರೂಪಾಯಿ ಹೆಚ್ಚುವರಿ ಬಾಡಿಗೆ ಕಟ್ಟಿದಂತಾಯಿತು. ನಾಲ್ಕು ವರ್ಷ ಇದ್ದರೆ ಅದೇ ಹಣ ತಿಂಗಳಿಗೆ 1,250ಕ್ಕೆ ಇಳಿಯುತ್ತದೆ. ಹಾಗಾಗಿ ಎರಡು ವರ್ಷಕ್ಕೇ ಬಿಡುವ 28,000ದ ಮನೆಗಿಂತ ನಾಲ್ಕು ವರ್ಷ ನಿಲ್ಲುವ 29,000ದ ಮನೆ ಅಗ್ಗ. ಅಡ್ಡಾದಿಡ್ಡಿ ಬಾಡಿಗೆ ಏರಿಸದ ಓನರ್ ಸಿಗಬೇಕು, ಅಷ್ಟೇ.

ಅಡ್ವಾನ್ಸ್, ಅಂದರೆ ಬಿಡುವಾಗ ವಾಪಸ್ ಬರುವ ಠೇವಣಿ, ಹಿಂದೆ ಹತ್ತು ತಿಂಗಳ ಬಾಡಿಗೆ ಎಂದರೆ ಹತ್ತೇ ಆಗಿತ್ತು. ಈಗ ಐದು-ಆರು ತಿಂಗಳಿಗೆ ಒಪ್ಪುವವರು ಬೇಕಾದಷ್ಟಿದ್ದಾರೆ, ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಎರಡು-ಮೂರಕ್ಕೂ ಸಿಗುತ್ತದೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳ ಮಿತಿ ಹೇಳುತ್ತದೆ. ಆದರೆ ಅದು ರಾಜ್ಯಗಳು ತಮ್ಮ ಕಾನೂನು ಮಾಡಿಕೊಳ್ಳಲು ಕೊಟ್ಟ ಮಾದರಿ. ಅದನ್ನು ತೋರಿಸಿ ಓನರ್ ಹತ್ತಿರ ವಾದ ಮಾಡಿದರೆ ಮನೆ ಕೈ ತಪ್ಪುತ್ತದೆ.

ಲೀಸ್, ಅಂದರೆ ಭೋಗ್ಯ, ಬೇರೆಯೇ ಕಥೆ. ಒಂದಿಷ್ಟು ಲಕ್ಷ ಒಟ್ಟಿಗೆ ಕೊಟ್ಟು ಎರಡು-ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಹಣ ವಾಪಸ್ ಪಡೆಯುವುದು. ಕೇಳಲು ಚೆಂದ. ಆದರೆ ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದು ಓನರ್ ಕಂತು ಕಟ್ಟದಿದ್ದರೆ, ಬ್ಯಾಂಕಿನವರು ನೋಟಿಸ್ ಅಂಟಿಸಿದಾಗ ನಿಮ್ಮ ಲಕ್ಷಗಳು ಸಿಕ್ಕಿಕೊಳ್ಳುತ್ತವೆ. ನಡುವೆ ಒಂದು ಕಂಪನಿ ನಿಂತು, ನಿಮ್ಮಿಂದ ಲೀಸ್ ಹಣ ಪಡೆದು ಓನರ್‌ಗೆ ತಿಂಗಳ ಬಾಡಿಗೆ ಕೊಡುವ ವ್ಯವಸ್ಥೆಯಂತೂ ಬೇಡವೇ ಬೇಡ. ಕಂಪನಿ ಬಾಡಿಗೆ ನಿಲ್ಲಿಸಿದ ದಿನ ಓನರ್ ನಿಮ್ಮನ್ನು ಹೊರಗೆ ಹೋಗಿ ಎನ್ನುತ್ತಾರೆ. ಲೀಸಿಗೇ ಹೋಗುವುದಾದರೆ ಸಾಲದ ಹೊರೆ ತಿಳಿಯಲು ಋಣಭಾರ ಪತ್ರ ತೆಗೆಸಿ, ವಕೀಲರಿಗೆ ತೋರಿಸಿ, ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ.

ಹಂತ 4: ಹುಡುಕಾಟ

ನೋಬ್ರೋಕರ್, ಮ್ಯಾಜಿಕ್‌ಬ್ರಿಕ್ಸ್, 99ಏಕರ್ಸ್‌ಗಳಲ್ಲಿ ಏರಿಯಾದ ದರ ಎಷ್ಟಿದೆ ಎಂದು ಗೊತ್ತಾಗುತ್ತದೆ. ಆದರೆ ಹಳೆಯ ಬಡಾವಣೆಗಳ ಒಳ್ಳೆ ಮನೆಗಳು ಆ್ಯಪ್ ತನಕ ಬರುವುದೇ ಅಪರೂಪ. ಗೇಟಿಗೆ ಟು-ಲೆಟ್ ಬೋರ್ಡ್ ನೇತುಹಾಕುತ್ತಾರೆ, ವಾರದಲ್ಲಿ ಹೋಗಿರುತ್ತದೆ. ಆದ್ದರಿಂದ ಕಾಲ್ನಡಿಗೆ ತಪ್ಪಿದ್ದಲ್ಲ. ಅಪಾರ್ಟ್‌ಮೆಂಟ್ ಸೆಕ್ಯುರಿಟಿಯವರು, ಮೂಲೆಯ ಇಸ್ತ್ರಿ ಅಂಗಡಿಯವರು, ಹಾಲಿನ ಬೂತಿನವರು, ಮನೆಗೆಲಸದವರು, ಇವರಿಗೆ ಯಾವ ಮನೆ ಮುಂದಿನ ತಿಂಗಳು ಖಾಲಿ ಎಂದು ಓನರ್ ಬೋರ್ಡ್ ಹಾಕುವ ಮೊದಲೇ ಗೊತ್ತಿರುತ್ತದೆ. ಅವರಲ್ಲೊಬ್ಬರಿಂದ ಮನೆ ಸಿಕ್ಕರೆ ಒಂದಿಷ್ಟು ಕೈಗಿಡುವುದು ಮರ್ಯಾದೆ. ಶಾಲೆಯ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿದ ತಕ್ಷಣ ಅಲ್ಲೂ ಒಂದು ಮಾತು ಹಾಕಿ.

ಫೋನಿನಲ್ಲೇ ಮುಗಿಸಬೇಕಾದ ಮಾತು ಕೆಲವಿವೆ:

"ನಮಸ್ಕಾರ ಸಾರ್, ಟು-ಲೆಟ್ ಬೋರ್ಡ್ ನೋಡಿ ಫೋನ್ ಮಾಡ್ತಿದೀನಿ. ನಾವು ನಾಲ್ಕು ಜನ, ನಮ್ಮಮ್ಮನೂ ಜೊತೆಗಿರ್ತಾರೆ. ಮಗಳಿಗೆ ಇಲ್ಲೇ ಪಕ್ಕದ ಶಾಲೇಲಿ ಎರಡನೇ ಕ್ಲಾಸಿಗೆ ಸೀಟಾಗಿದೆ. ಅವಳ ಹೈಸ್ಕೂಲ್ ಮುಗಿಯೋ ತನಕ ಇದೇ ಏರಿಯಾದಲ್ಲಿ ಇರೋಣ ಅಂತ. ಬಾಡಿಗೆ, ಅಡ್ವಾನ್ಸ್ ಎಷ್ಟು ಸಾರ್? ಮೇಂಟೆನೆನ್ಸ್ ಸೇರಿನಾ, ಬೇರೆನಾ? ಕಾವೇರಿ ನೀರು ಬರುತ್ತಾ?"

ಆ ನಡುವಿನ ಮಾತೇ ನಿಮ್ಮ ಬಲ. ಪಕ್ಕದ ಶಾಲೆಯಲ್ಲಿ ಮಗು ಓದುವ ಸಂಸಾರ ಸುಮ್ನೆ ಮನೆ ಬಿಟ್ಟು ಹೋಗುವುದಿಲ್ಲ ಎಂದು ಓನರ್‌ಗೂ ಗೊತ್ತು. ಮನೆ ಖಾಲಿ ಬೀಳುವ, ಮತ್ತೆ ಬಣ್ಣ ಹೊಡೆಸುವ ತಾಪತ್ರಯ ಅವರಿಗೆ ತಪ್ಪುತ್ತದೆ. ಅಡ್ವಾನ್ಸ್ ಇಳಿಸಲು, ವರ್ಷದ ಏರಿಕೆಯನ್ನು ಶೇ. 5ಕ್ಕೆ ನಿಲ್ಲಿಸಲು ಇದನ್ನು ಬಳಸಿ.

ಬಸವನಗುಡಿ, ಮಲ್ಲೇಶ್ವರದ ಕಡೆ "ನೀವು ವೆಜ್ಜಾ?" ಎಂಬ ಪ್ರಶ್ನೆ ಬಾಡಿಗೆಗಿಂತ ಮೊದಲು ಬರುತ್ತದೆ. ಕೆಲವರು ಜಾತಿಯನ್ನೂ ಕೇಳುತ್ತಾರೆ. ಬೇಸರದ ವಿಷಯ, ಆದರೂ ಇದೆ. ಓನರ್ ಕೆಳಗಿನ ಮಹಡಿಯಲ್ಲೇ ಇರುವ 30×40 ಸೈಟಿನ ಮನೆಗಳಲ್ಲಿ ಈ ಕಾಟ ಜಾಸ್ತಿ, ಅಪಾರ್ಟ್‌ಮೆಂಟ್‌ನಲ್ಲಿ ಕಡಿಮೆ. ಸುಳ್ಳು ಹೇಳಿ ಸೇರಿಕೊಂಡು ದಿನಾ ಕಿಟಕಿ ಮುಚ್ಚಿ ಅಡುಗೆ ಮಾಡುವ ಬದಲು ಆ ಮನೆ ಬಿಟ್ಟುಬಿಡುವುದೇ ವಾಸಿ.

ಮೋಸದ ಜಾಹೀರಾತುಗಳ ಲಕ್ಷಣ ಒಂದೇ ತರಹ. ಮನೆ ಚೆಂದ, ಬಾಡಿಗೆ ಸುತ್ತಮುತ್ತಲಿಗಿಂತ ತೀರಾ ಕಡಿಮೆ. ಓನರ್ ತಾನು ಸೇನೆಯಲ್ಲಿದ್ದೇನೆ, ಬೇರೆ ಊರಿಗೆ ವರ್ಗವಾಗಿದೆ ಎನ್ನುತ್ತಾನೆ. ಮನೆ ನೋಡಲು ಗೇಟ್ ಪಾಸ್‌ಗೆ ದುಡ್ಡು ಹಾಕಿ, ಆಮೇಲೆ ವಾಪಸ್ ಬರುತ್ತದೆ ಎಂದು ಕ್ಯೂಆರ್ ಕೋಡ್ ಕಳಿಸುತ್ತಾನೆ. ಮನೆಯ ಒಳಗೆ ನಿಂತು ನೋಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಹಂತ 5: ಮನೆ ನೋಡುವಾಗ

ಹಗಲಲ್ಲಿ ಒಮ್ಮೆ, ರಾತ್ರಿ ಒಮ್ಮೆ ನೋಡಿ. ಸಾಧ್ಯವಾದರೆ ಮಗುವನ್ನೂ ಕರೆದುಕೊಂಡು ಹೋಗಿ, ಅಲ್ಲಿಂದ ಶಾಲೆಯ ಗೇಟಿನವರೆಗೆ ನಡೆಸಿ ನೋಡಿ.

ಮೊದಲ ಪ್ರಶ್ನೆ ನೀರು. 2024ರ ಬೇಸಿಗೆ ಅನುಭವಿಸಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ, ಸಂಪು ಎಷ್ಟು ದೊಡ್ಡದು, ಬೋರ್‌ವೆಲ್ ಇದೆಯಾ, ಬೇಸಿಗೆಯಲ್ಲಿ ಟ್ಯಾಂಕರ್ ಖರ್ಚು ಯಾರದು? ಇದನ್ನು ಓನರ್‌ಗಿಂತ ಪಕ್ಕದ ಮನೆಯವರನ್ನು ಕೇಳಿದರೆ ನಿಜ ಗೊತ್ತಾಗುತ್ತದೆ. ನಲ್ಲಿಯ ಬುಡ, ಬಾತ್‌ರೂಮಿನ ಟೈಲ್ಸ್ ಮೇಲೆ ಬಿಳಿ ಪದರ ಗಟ್ಟಿಯಾಗಿದ್ದರೆ ಬಳಸುತ್ತಿರುವುದು ಬೋರ್‌ವೆಲ್ ಗಡಸು ನೀರು ಎಂದು ತಿಳಿಯಿರಿ. ನಗರದ ಅಂಚಿನ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಗಿದೆ. ಆದರೆ ಯೋಜನೆ ಬಂದಿದೆ ಎಂದ ಮಾತ್ರಕ್ಕೆ ನೀವು ನೋಡುತ್ತಿರುವ ಕಟ್ಟಡಕ್ಕೆ ಸಂಪರ್ಕ ಇದೆ ಎಂದಲ್ಲ. ನೀರಿನ ಬಿಲ್ ತೋರಿಸಲು ಹೇಳಿ.

ಆಮೇಲೆ ಮಕ್ಕಳ ಕಣ್ಣಿನಿಂದ ಮನೆ ನೋಡಿ. ಬಾಲ್ಕನಿ ಕಂಬಿಗಳ ನಡುವೆ ತಲೆ ತೂರುವಷ್ಟು ಜಾಗ ಇದೆಯಾ? ಕಿಟಕಿಗೆ ಗ್ರಿಲ್ ಇದೆಯಾ? ಸಂಪಿನ ಮುಚ್ಚಳಕ್ಕೆ ಬೀಗ ಇದೆಯಾ? ತಾರಸಿ ಬಾಗಿಲು ಯಾವಾಗಲೂ ತೆರೆದೇ ಇರುತ್ತದಾ? ಇದರಲ್ಲಿ ಯಾವುದಾದರೂ ಕೊರತೆ ಇದ್ದರೆ ಅಡ್ವಾನ್ಸ್ ಕೊಡುವ ಮೊದಲೇ ಸರಿಮಾಡಿಸಿ. ಆಮೇಲೆ ಹೇಳಿದರೆ "ಮಾಡ್ಸೋಣ ಬಿಡಿ" ಎಂಬ ಉತ್ತರದಲ್ಲೇ ವರ್ಷ ಕಳೆಯುತ್ತದೆ.

ಬೆಳಿಗ್ಗೆ ಆರೂವರೆಗೆ ಇಬ್ಬರಿಗೆ ಒಟ್ಟಿಗೆ ಸ್ನಾನದ ನೀರು ಬೇಕು. ಸೋಲಾರ್ ಇದ್ದರೂ ಮೋಡದ ದಿನಕ್ಕೆ ಗೀಸರ್ ಇರಬೇಕು. ಮೇಜು ಹಾಕಿ ಓದಲು ಬೆಳಕಿರುವ ಒಂದು ಮೂಲೆ, ಹತ್ತಿರದಲ್ಲೊಂದು ಪ್ಲಗ್ ಪಾಯಿಂಟ್, ಕರೆಂಟ್ ಹೋದರೆ ಯುಪಿಎಸ್ ಹಾಕಲು ವೈರಿಂಗ್ ಇದ್ದರೆ ಸಾಕು. ವಾಸ್ತು, ಬಾಗಿಲ ದಿಕ್ಕು ನಿಮಗೆ ಬಿಟ್ಟದ್ದು.

ಒಂದು ವಿಷಯ ಯಾವ ಜಾಹೀರಾತಿನಲ್ಲೂ ಇರುವುದಿಲ್ಲ: ಅದೇ ಕಟ್ಟಡದಲ್ಲಿ ಅದೇ ಶಾಲೆಯ ಇನ್ನೊಂದು ಮಗು. ನೀವು ಮೀಟಿಂಗ್‌ನಲ್ಲಿ ಸಿಕ್ಕಿಕೊಂಡ ದಿನ ಆ ಮಗುವಿನ ಅಮ್ಮ ನಿಮ್ಮ ಮಗುವನ್ನೂ ಕರೆತರುತ್ತಾರೆ, ಇನ್ನೊಂದು ದಿನ ನೀವು. ಇದು ಸಿಗುವುದಾದರೆ ಅಡುಗೆಮನೆ ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ ಎನ್ನುವವಳು ನಾನು.

ಹಂತ 6: ಅಗ್ರಿಮೆಂಟ್

ಟೋಕನ್ ಕೊಟ್ಟರೆ ಯುಪಿಐನಲ್ಲಿ ಕೊಡಿ. ಯಾವ ಮನೆ, ಯಾವ ದಿನಾಂಕದಿಂದ, ಮನೆ ಕೊಡದಿದ್ದರೆ ಹಣ ವಾಪಸ್ ಎಂದು ಓನರ್‌ಗೆ ವಾಟ್ಸ್‌ಆ್ಯಪ್ ಕಳಿಸಿ ಒಪ್ಪಿಗೆ ಪಡೆಯಿರಿ. ಎದುರಿಗೆ ಕೂತಿರುವವರು ನಿಜವಾದ ಓನರ್ ಹೌದಾ ಎಂದು ಕಂದಾಯ ರಸೀದಿ, ಗುರುತಿನ ಚೀಟಿ ನೋಡಿ. ಅಮೆರಿಕದಲ್ಲಿರುವ ಮಗನ ಫ್ಲ್ಯಾಟನ್ನು ತಂದೆ ಬಾಡಿಗೆಗೆ ಕೊಡುವುದು ಇಲ್ಲಿ ಸಾಮಾನ್ಯ. ಆಗ ಮುಖ್ತಿಯಾರ್ ಪತ್ರ (ಪವರ್ ಆಫ್ ಅಟಾರ್ನಿ) ಕೇಳಿ. ಇಲ್ಲೇ ಒಂದು ತೆರಿಗೆ ವಿಷಯವೂ ಇದೆ: ಓನರ್ ಅನಿವಾಸಿ ಭಾರತೀಯರಾದರೆ ಬಾಡಿಗೆ ಕೊಡುವ ನೀವೇ ಅದರಲ್ಲಿ ಟಿಡಿಎಸ್ (ಮೂಲದಲ್ಲೇ ಮುರಿಯುವ ತೆರಿಗೆ) ಹಿಡಿದು ಕಟ್ಟಬೇಕಾಗುತ್ತದೆ, ದರವೂ ಹೆಚ್ಚು. ಒಬ್ಬ ಆಡಿಟರ್ ಅವರನ್ನು ಕೇಳಿಯೇ ಮುಂದುವರಿಯಿರಿ. ಇಲ್ಲೇ ಇರುವ ಓನರ್‌ಗೆ ತಿಂಗಳಿಗೆ 50,000 ಮೀರಿದ ಬಾಡಿಗೆ ಕೊಟ್ಟರೆ ಮಾತ್ರ ಶೇ. 2 ಟಿಡಿಎಸ್. ಆಫೀಸಿನಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ತೋರಿಸುವವರು, ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಓನರ್ ಪ್ಯಾನ್ ಬೇಕೆಂದು ಈಗಲೇ ಹೇಳಿಬಿಡಿ. ಕೆಲವರಿಗೆ ಅದು ಇಷ್ಟವಾಗುವುದಿಲ್ಲ.

ಒಂದು ವರ್ಷ ಮೀರಿದ ಅವಧಿಯ ಕರಾರಿಗೆ ನೋಂದಣಿ ಕಡ್ಡಾಯ. ಅದಕ್ಕೇ ಎಲ್ಲರೂ ಹನ್ನೊಂದು ತಿಂಗಳಿಗೆ ಇ-ಸ್ಟ್ಯಾಂಪ್ ಪೇಪರ್ ಮೇಲೆ ಮಾಡಿಕೊಳ್ಳುತ್ತಾರೆ. ಶಾಲೆ ಮಕ್ಕಳಿರುವವರು ಇಲ್ಲೊಂದು ಲೆಕ್ಕ ಹಾಕಬೇಕು. ಜೂನ್ 1ಕ್ಕೆ ಶುರುವಾದ ಕರಾರು ಏಪ್ರಿಲ್ 30ಕ್ಕೆ ಮುಗಿಯುತ್ತದೆ, ಪರೀಕ್ಷೆ ಮುಗಿದ ಬೇಸಿಗೆ ರಜೆಗೆ ಸರಿಯಾಗಿ. ಜನವರಿಯಲ್ಲಿ ಶುರುವಾದರೆ ನವೆಂಬರ್ ಕೊನೆಗೆ ಮುಗಿಯುತ್ತದೆ, ಮಗು ಇನ್ನೂ ಅರ್ಧ ವರ್ಷದಲ್ಲಿರುತ್ತದೆ. ಹೀಗೆ ನಡುವೆ ಶುರುಮಾಡುವವರು ಮೊದಲ ಕರಾರನ್ನು ಏಪ್ರಿಲ್ ಅಥವಾ ಮೇಗೆ ಮುಗಿಯುವಂತೆ ಚಿಕ್ಕದಾಗಿ ಮಾಡಿಸಿ, ಆಮೇಲಿಂದ ಜೂನ್ ಲೆಕ್ಕಕ್ಕೆ ತಂದುಕೊಳ್ಳಬಹುದು. ಜೊತೆಗೆ ಓನರ್ ಕಡೆಯಿಂದ ಮನೆ ಬಿಡಿಸುವ ನೋಟಿಸ್ ಮೂರು ತಿಂಗಳು ಇರಲಿ ಎಂದು ಕೇಳಿ. ನಿಮ್ಮ ಕಡೆಯಿಂದ ಒಂದು ತಿಂಗಳು ಸಾಕು. ಹಾಗೆ ಒಪ್ಪದಿದ್ದರೆ ಇಬ್ಬರಿಗೂ ಎರಡು ತಿಂಗಳು ಎಂದಾದರೂ ಬರೆಸಿ.

ಪೇಂಟಿಂಗ್‌ಗೆ ಎಷ್ಟು, ಎಷ್ಟು ವರ್ಷ ಇದ್ದರೂ ಅಷ್ಟೇನಾ, ಅಡ್ವಾನ್ಸ್ ಕೀ ಕೊಟ್ಟ ದಿನವೇ ವಾಪಸ್ಸಾ ಅಥವಾ ಎಷ್ಟು ದಿನದೊಳಗೆ, ವರ್ಷಕ್ಕೆ ಎಷ್ಟು ಏರಿಕೆ, ಲಾಕ್-ಇನ್ (ಇಷ್ಟು ತಿಂಗಳು ಮನೆ ಬಿಡುವಂತಿಲ್ಲ ಎಂಬ ಷರತ್ತು) ಇದೆಯಾ, ಮೋಟರ್ ಕೆಟ್ಟರೆ ಖರ್ಚು ಯಾರದು, ಈ ಐದಕ್ಕೂ ಬಾಯಿಮಾತು ಸಾಲದು. "ನಮ್ಮ ಮೇಲೆ ನಂಬಿಕೆ ಇಲ್ವಾ?" ಎಂದು ಓನರ್ ಆಂಟಿ ಕೇಳಿದರೆ, "ಇದೆ ಆಂಟಿ, ನಾಳೆ ನಿಮ್ಮ ಮಗ ಬಂದು ಕೇಳಿದ್ರೆ ತೋರಿಸೋಕೆ ಇರಲಿ ಅಂತ" ಎನ್ನಿ. ನಗುತ್ತಾರೆ, ಬರೆಸುತ್ತಾರೆ.

ಹಂತ 7: ಕೀ ಕೈಗೆ ಬಂದ ಮೇಲೆ

ಸಾಮಾನು ಇಳಿಸುವ ಮೊದಲು ಖಾಲಿ ಮನೆಯ ವಿಡಿಯೊ ತೆಗೆಯಿರಿ. ಗೋಡೆಯ ತೇವ, ಒಡೆದ ಟೈಲ್ಸ್, ಬಾಗಿಲ ಗೀರು ಎಲ್ಲ ಅದರಲ್ಲಿ ಬರಲಿ. ಕರೆಂಟ್ ಮೀಟರಿನ ಓದು ಸೇರಿಸಿ ಓನರ್‌ಗೆ ಅದೇ ದಿನ ಕಳಿಸಿಬಿಡಿ.

ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಇದೆ, ಆದರೆ ಆ ಮನೆಯ ಆರ್‌ಆರ್ ನಂಬರ್‌ಗೆ (ಕರೆಂಟ್ ಬಿಲ್‌ನಲ್ಲಿರುವ ಸಂಪರ್ಕದ ಸಂಖ್ಯೆ) ಹಿಂದಿನವರ ಆಧಾರ್ ಜೋಡಣೆಯಾಗಿರುತ್ತದೆ. ಅವರು ಡಿ-ಲಿಂಕ್ ಮಾಡಿದ ಮೇಲೆಯೇ ಸೇವಾ ಸಿಂಧು ಪೋರ್ಟಲ್‌ನಲ್ಲಿ ನಿಮ್ಮ ಹೆಸರಿಗೆ ಬರುವುದು. ಹಿಂದಿನ ಬಾಡಿಗೆದಾರರ ಫೋನ್ ನಂಬರ್ ಅವರು ಹೋಗುವ ಮುಂಚೆ ಇಸಿದುಕೊಳ್ಳಿ. ನಿಮ್ಮ ಹಳೆಯ ಮನೆಯದನ್ನು ನೀವೂ ಡಿ-ಲಿಂಕ್ ಮಾಡಬೇಕು. ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ ಬರುತ್ತದೆ ಎಂಬುದೂ ನೆನಪಿರಲಿ.

ಶಾಲೆಯ ಆಫೀಸಿನಲ್ಲಿ ಹೊಸ ವಿಳಾಸ, ತುರ್ತಿಗೆ ಫೋನ್ ಮಾಡಲು ಪಕ್ಕದ ಮನೆಯವರ ನಂಬರ್ (ಅವರನ್ನು ಕೇಳಿ) ಕೊಡಿ. ಬಸ್ ಸ್ಟಾಪ್ ಬದಲಾವಣೆಗೆ ಬರವಣಿಗೆಯಲ್ಲೇ ಅರ್ಜಿ ಕೊಡಿ, ಡ್ರೈವರ್‌ಗೆ ಹೇಳಿದರೆ ಸಾಲದು. ಶಾಲೆ ಶುರುವಾಗುವ ಹಿಂದಿನ ವಾರ ಮಗುವಿನ ಜೊತೆ ಬ್ಯಾಗ್ ಸಮೇತ ಎರಡು ದಾರಿಯಲ್ಲಿ ನಡೆದು ನೋಡಿ: ಒಂದು ದಿನನಿತ್ಯದ್ದು, ಇನ್ನೊಂದು ಮಳೆ ನೀರು ನಿಂತ ದಿನಕ್ಕೆ.